ಅಕ್ಕ ತಂದ ಗುಬ್ಬಿಯೊ ತಟ್ಟೆಗಳು

ಅಕ್ಕ ಇಟಲಿಯಿಂದ ಮೊದಲ ಸಲ ರಜೆಗೆ ಬಂದ ದಿನ ನಮ್ಮ ಬೀದಿಯ ಅರ್ಧ ಜನ ನಮ್ಮ ನಡುಮನೆಯಲ್ಲೇ ಇದ್ದರು. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವವರ ಬೀದಿ ನಮ್ಮದು. ಅಲ್ಲಿ ಮಗ್ಗದ ಸದ್ದು ನಿಲ್ಲುವುದು ಹಬ್ಬಕ್ಕೆ, ಇಲ್ಲವೇ ಸಾವಿಗೆ. ಅವತ್ತು ಎರಡೂ ಇರಲಿಲ್ಲ, ಆದರೂ ಅಕ್ಕಪಕ್ಕದ ಮಗ್ಗಗಳು ನಿಂತಿದ್ದವು. ಪರದೇಶಕ್ಕೆ ಹೋಗಿ ಬಂದ ಹೆಂಗಸು ಆ ಬೀದಿಗೆ ಅವಳೊಬ್ಬಳೇ. ಸೂಟ್‌ಕೇಸಿನಿಂದ ಏನು ಹೊರಗೆ ಬರುತ್ತದೋ ಎಂದು ಎಲ್ಲರೂ ಕತ್ತು ಚಾಚಿಕೊಂಡು ನಿಂತಿದ್ದರು. ನಮ್ಮವ್ವ ಮಾತ್ರ ದೂರದಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು.

ಸೋಪು ಬಂತು, ಚಾಕೊಲೇಟು ಬಂತು, ನನಗೊಂದು ಸ್ವೆಟರು ಬಂತು. ಕೊನೆಗೆ ತನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ಅಕ್ಕ ಎರಡೂ ಕೈಯಿಂದ ಎತ್ತಿ ಚಾಪೆಯ ಮೇಲಿಟ್ಟು ಬಿಚ್ಚಿದಳು. ಒಳಗೊಂದು ತಟ್ಟೆ. ಮಾಸಲು ಕಂದು ಬಣ್ಣದ, ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದ ಪಿಂಗಾಣಿ ತಟ್ಟೆ. ಅವಳು ಅದನ್ನೆತ್ತಿ ಬೆಳಕಿಂಡಿಯ ಕಡೆಗೆ ಓರೆ ಮಾಡಿದಳು. ತಟ್ಟೆಯೊಳಗಿಂದ ಕೆಂಪು ಎದ್ದು ಬಂತು. ಕೆಂಪಿನ ಅಂಚಿಗೆ ಬಂಗಾರ, ಇನ್ನೊಂದಿಷ್ಟು ವಾಲಿಸಿದರೆ ಬಂಗಾರದ ಮೇಲೆ ತೆಳ್ಳಗೆ ನೀಲಿ.

"ಚಿನ್ನದ್ದೇನಕ್ಕ?" ಎದುರು ಮನೆಯವಳು ಕೇಳಿದಳು.

"ಅಲ್ಲ ಕಣವ್ವ. ಮಣ್ಣಿಂದು."

"ಮ್ಯಾಲಾದ್ರೂ ಚಿನ್ನದ ನೀರು ಕೊಟ್ಟವ್ರಾ?"

"ಒಂದ್ ಚೂರೂ ಇಲ್ಲ. ತಾಮ್ರ, ಬೆಳ್ಳಿ, ವಸಿ ಹೊಗೆ. ಅಷ್ಟೇಯ."

ಅವ್ವ ನಿಂತಲ್ಲಿಂದಲೇ ಹೇಳಿದಳು: "ಬಂಗಾರ ತತ್ತಾಳೆ ಅಂತ ಕಾಯ್ಕಂಡಿದ್ರೆ ಮಣ್ಣ್ ತಟ್ಟೆ ಒತ್ಕಂಡ್ ಬಂದವ್ಳೆ ನೋಡ್ರವ್ವ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಟ್ಟೆಯನ್ನು ಮತ್ತೆ ಸೀರೆಯಲ್ಲಿ ಸುತ್ತುವಾಗ ಮಾತ್ರ ಅವಳು ತಲೆ ಎತ್ತಲಿಲ್ಲ.

ಅಪ್ಪ ಸತ್ತಾಗ ನಾನು ತೀರಾ ಚಿಕ್ಕವನು, ಗುಂಡಿಮಗ್ಗದಲ್ಲಿ ಕೂತರೆ ತುಳಿಯುವ ಹಲಗೆಗೆ ಕಾಲು ಎಟುಕುತ್ತಿರಲಿಲ್ಲ. ಅವ್ವ ಕೂಲಿ ಮಗ್ಗಕ್ಕೆ ಹೋದರೆ ನನ್ನನ್ನು ಸಾಕಿದವಳು ಅಕ್ಕನೇ. ತೊಡೆಯ ಮೇಲೆ ನನ್ನನ್ನು ಮಲಗಿಸಿಕೊಂಡು ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳಂತೆ. ಅವಳನ್ನು ಯಳಂದೂರಿಗೆ ಮದುವೆ ಮಾಡಿ ಕೊಟ್ಟರು. ಮಕ್ಕಳಾಗಲಿಲ್ಲ. ಆ ಮನುಷ್ಯ ಒಂದು ದಿನ ಇನ್ನೊಬ್ಬಳನ್ನು ಮನೆಗೆ ಕರೆದುಕೊಂಡು ಬಂದು, "ಇವ್ಳೂ ಇರ್ತಾಳೆ, ಅನುಸರಿಸ್ಕಂಡು ಓಗು" ಅಂದನಂತೆ. ಅಕ್ಕ ಮರುದಿನ ಬೆಳಗಿನ ಬಸ್ಸಿಗೆ ಒಂದು ಟ್ರಂಕು ಹಿಡಿದುಕೊಂಡು ಬಂದಳು. ಅವ್ವ ಬಾಗಿಲು ತೆರೆದು ನೋಡಿ, "ಉಂಡಿದ್ದೀಯಾ?" ಎಂದಷ್ಟೇ ಕೇಳಿದಳು. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ಅಕ್ಕ ಹನೂರಿನ ಕಡೆ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಸ್ಪತ್ರೆಗೆ ಕೆಲಸಕ್ಕೆ ಸೇರಿದಳು. ಮೊದಲು ನೆಲ ಒರೆಸುವುದು, ಆಮೇಲೆ ರೋಗಿಗಳ ಮೈ ಒರೆಸುವುದು. ಎತ್ತಿ ಕೂರಿಸಬೇಕಾದವರನ್ನು ನೋವಾಗದ ಹಾಗೆ ಎತ್ತುವುದು ಅವಳಿಗೆ ತಾನಾಗಿಯೇ ಬಂದಿತ್ತು. ಆ ಸಿಸ್ಟರುಗಳಿಗೆ ಇಟಲಿಯಲ್ಲೊಂದು ವೃದ್ಧಾಶ್ರಮವಿತ್ತು. "ಬರ್ತೀಯಾ?" ಎಂದು ಕೇಳಿದರು. ಯಳಂದೂರಿನ ಬಸ್ಸು ಕಣ್ಣಿಗೆ ಬೀಳದ ಊರಾದರೆ ಸಾಕು ಅನ್ನಿಸಿ ಹೂಂ ಅಂದೆ ಎಂದು ಅಕ್ಕ ಒಮ್ಮೆ ನನಗೆ ಹೇಳಿದ್ದಳು.

ವೃದ್ಧಾಶ್ರಮದಿಂದ ಅವಳನ್ನು ಒಬ್ಬ ಅಜ್ಜಿಯ ಮನೆಗೆ, ಅಜ್ಜಿಯ ಜೊತೆಗೇ ಇದ್ದು ನೋಡಿಕೊಳ್ಳಲು ಕಳಿಸಿದರು. ಆ ಬೆಟ್ಟದೂರಿನ ಹೆಸರು ಗುಬ್ಬಿಯೊ.

"ಗುಬ್ಬಿನಾ?" ಅವ್ವನಿಗೆ ಸಿಟ್ಟೇ ಬಂದಿತ್ತು. "ತುಮಕೂರ್ ತಾವಿರೋ ಗುಬ್ಬಿಗ್ ಓಗಕ್ಕೆ ಇಮಾನ ಯಾಕ್ಲಾ ಬೇಕು?"

ಅದು ಬೇರೆ ಗುಬ್ಬಿ ಎಂದು ಎಷ್ಟು ಹೇಳಿದರೂ ಅವ್ವ ಸಾಯುವ ತನಕ ಆ ಮುದುಕಿಯನ್ನು ಗುಬ್ಬಿ ಅಜ್ಜಿ ಎಂದೇ ಕರೆದಳು. ನಮಗೂ ಅದೇ ರೂಢಿಯಾಯಿತು.

ಮಿರುಗುವ ತಟ್ಟೆಗಳಿಗೆ ಆ ಊರು ಬಹಳ ಹಿಂದಿನಿಂದ ಹೆಸರುವಾಸಿ. ಗುಬ್ಬಿ ಅಜ್ಜಿಯ ತವರಿನವರದೂ ಅದೇ ಕಸುಬು. ಅಜ್ಜಿಯೂ ಅವಳ ಅಕ್ಕನೂ ಚಿಕ್ಕಂದಿನಿಂದ ಒಬ್ಬ ಯಜಮಾನನ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಬಣ್ಣ ಬರೆಯುವ ಕೆಲಸಕ್ಕಿದ್ದರಂತೆ. ರಜೆಗೆ ಬಂದಾಗ ಅಕ್ಕ ಜಗುಲಿಯ ಮೇಲೆ ಕೂತು ಆ ಕೆಲಸದ ಕಥೆ ಹೇಳುತ್ತಿದ್ದಳು. ತಟ್ಟೆಯನ್ನು ಎರಡು ಸಲ ಸುಟ್ಟು, ಬಿಳಿಯ ಮೆರುಗಿನ ಮೇಲೆ ತಾಮ್ರದ ಭಸ್ಮ, ಬೆಳ್ಳಿಯ ಭಸ್ಮ ಕಲಸಿದ ಕೆಸರಿನಂಥ ಬಣ್ಣದಲ್ಲಿ ಚಿತ್ರ ಬರೆಯುತ್ತಾರೆ. ಮೂರನೇ ಸಲ ಸುಡುವಾಗ ಒಲೆಯ ಬಾಯಿಗೆ ಒಂದು ಬಗೆಯ ಹಳದಿ ಹೂವಿನ ಪೊದೆಯ ಕಡ್ಡಿ ತುರುಕಿ ಗಾಳಿ ಕಟ್ಟಿಬಿಡುತ್ತಾರೆ. ಒಳಗೆ ಬರೀ ಹೊಗೆ. ತಟ್ಟೆ ಮಸಿ ಹಿಡಿದು ಹೊರಗೆ ಬರುತ್ತದೆ. ಬಟ್ಟೆಯಿಂದ ಉಜ್ಜಿದರೆ ಅಡಿಯಲ್ಲಿ ಮಿರುಗು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

"ಒಂದೊಂದ್ ಸಲ ಇಡೀ ಒಲೆನೇ ಆಳಾಗೋಯ್ತಿತ್ತಂತೆ ಕಣ್ಲಾ. ಅವತ್ತು ಯಾರೂ ಊಟ ಮಾಡ್ತಿರ್ಲಿಲ್ವಂತೆ."

ತಟ್ಟೆಗಳ ಹಿಂದೆ ಇರುತ್ತಿದ್ದದ್ದು ಯಜಮಾನನ ಗುರುತು. ಬರೆದ ಹೆಂಗಸರ ಹೆಸರು ಎಲ್ಲೂ ಇಲ್ಲ. ಅಜ್ಜಿಯ ಅಕ್ಕ ಆ ಕಾರ್ಖಾನೆಯಲ್ಲೇ ಒಳ್ಳೆಯ ಕೈಯವಳು. ಎಡಚಿ. ಎಡಗೈಲಿ ಬರೆಯುತ್ತಾಳೆ ಎಂದು ಯಜಮಾನ ಬೈದರೂ ಅವಳಿಗೆ ಬಲಗೈ ಬಗ್ಗಲಿಲ್ಲ. ಹಾಗಾಗಿ ಅವಳು ಬರೆದ ಬಳ್ಳಿಯ ಎಲೆಗಳ ತುದಿ ಉಳಿದವರ ಎಲೆಗಳಿಗಿಂತ ತಿರುಗಾಮುರುಗಾ, ಎಡಕ್ಕೆ ಒಂದು ಸಣ್ಣ ಕೊಕ್ಕೆ ಹಾಕಿಕೊಂಡು ಮುಗಿಯುತ್ತಿದ್ದವಂತೆ. ಅವಳು ಎದೆಯ ಕಾಯಿಲೆಯಿಂದ ಮದುವೆಗೆ ಮುಂಚೆಯೇ ತೀರಿಹೋದಳು. ಬರೆದದ್ದೆಲ್ಲ ಮಾರಾಟವಾಗಿ ಹೋಗಿತ್ತು. ಮನೆಯಲ್ಲಿ ಅವಳ ಕೈಯದು ಒಂದು ಬಟ್ಟಲೂ ಉಳಿದಿರಲಿಲ್ಲ.

ಅದನ್ನೇ ಗುಬ್ಬಿ ಅಜ್ಜಿ ಕೊನೆಗಾಲದಲ್ಲಿ ಹುಡುಕಿಸುತ್ತಿದ್ದಳು. ಅಜ್ಜಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅಕ್ಕನೇ ರಜೆಯ ಭಾನುವಾರಗಳಲ್ಲಿ ಹಳೆಯ ಸಾಮಾನಿನ ಸಂತೆಗಳಿಗೆ ಹೋಗಿ, ಎಲೆಯ ತುದಿ ಎಡಕ್ಕೆ ತಿರುಗಿದಂತೆ ಕಂಡ ತಟ್ಟೆಯನ್ನು ಕೊಂಡು ತಂದು ತೋರಿಸುತ್ತಿದ್ದಳು. ಅಜ್ಜಿ ಕಿಟಕಿಯ ಬಳಿ ಹಿಡಿದು ನೋಡಿ, ತಲೆಯಾಡಿಸುತ್ತಿದ್ದಳು. ಅಲ್ಲ. ಇದು ಇನ್ಯಾರದೋ. ಆದರೂ ಒಂದೊಂದು ತಟ್ಟೆಯನ್ನು ನೋಡಿದಾಗಲೂ ಬರೆದವಳು ಯಾರು, ಅವಳ ಗಂಡ ಏನು ಮಾಡುತ್ತಿದ್ದ, ಯಾರು ಹಾಡು ಹೇಳಿಕೊಂಡು ಬರೆಯುತ್ತಿದ್ದಳು, ಯಾರು ಅಳುತ್ತ ಬರೆಯುತ್ತಿದ್ದಳು ಎಂದು ಹೇಳುತ್ತಿದ್ದಳಂತೆ. ಅಜ್ಜಿ ಬೇಡ ಎಂದ ತಟ್ಟೆಗಳು ಅಕ್ಕನ ಪಾಲಿಗೆ. ಪ್ರತಿ ರಜೆಗೂ ಎರಡೋ ಮೂರೋ ತಟ್ಟೆ ಹಳೆಯ ಸೀರೆಗಳಲ್ಲಿ ಸುತ್ತಿಕೊಂಡು ಕೊಳ್ಳೇಗಾಲಕ್ಕೆ ಬರುತ್ತಿದ್ದವು. ಒಂದು ಬಟ್ಟಲು, ಒಂದು ಹೂಜಿ, ಹಿಡಿ ಮುರಿದ ಒಂದು ಲೋಟವೂ ಬಂದವು.

ನನಗೆ ಮೊದಮೊದಲು ಅದರಲ್ಲಿ ಆಸಕ್ತಿ ಇರಲಿಲ್ಲ. ಒಂದು ಸಂಜೆ ನನ್ನ ಮಗ್ಗದಲ್ಲಿ ಎರಡು ಬಣ್ಣದ ಸೀರೆ ಇಳಿಯುತ್ತಿತ್ತು. ಹಾಸಿನ ಎಳೆ ಹಸಿರು, ಹೊಕ್ಕಿನ ಎಳೆ ಕೆಂಪು. ಒಂದು ಕಡೆಯಿಂದ ನೋಡಿದರೆ ಹಸಿರು, ತಿರುಗಿಸಿದರೆ ಕೆಂಪು ಮಿಂಚುತ್ತದೆ. ಅಕ್ಕ ಬಂದು ನಿಂತು ಸೀರೆಯ ಪಕ್ಕಕ್ಕೆ ತಟ್ಟೆಯನ್ನು ಹಿಡಿದಳು.

"ನಿಂದೂ ಇದೇ ಕೆಲ್ಸ ಅಲ್ವೇನ್ಲಾ?" ಅಂದಳು.

ಅಂದಿನಿಂದ ನಾನೂ ನೋಡತೊಡಗಿದೆ. ಸೀರೆ ಇಡುವ ಗಾಜಿನ ಬೀರುವಿನಲ್ಲಿ ಎರಡು ಹಲಗೆ ಖಾಲಿ ಮಾಡಿ ತಟ್ಟೆಗಳನ್ನು ನಿಲ್ಲಿಸಿದೆ. ನನ್ನ ಹೆಂಡತಿ, "ಸೀರೆ ಮಡಗೋ ಜಾಗ್ದಲ್ಲಿ ಎಂಜಲ್ ತಟ್ಟೆ ಮಡಗಿದ್ದೀರಲ್ರೀ" ಎಂದಳು. ಅದರಲ್ಲಿ ಯಾರೂ ಉಂಡಿಲ್ಲ ಎಂದರೂ ನಂಬಲಿಲ್ಲ. ತಟ್ಟೆ ಅಂದ ಮೇಲೆ ಉಣ್ಣದೆ ಬಿಡುತ್ತಾರೆಯೇ? ನೋಡಿ ನೋಡಿ ನನಗೂ ಕೈಗಳ ವ್ಯತ್ಯಾಸ ತಿಳಿಯುತ್ತ ಬಂತು. ಒಬ್ಬಳದು ಅವಸರದ ಕೈ. ಒಬ್ಬಳು ದ್ರಾಕ್ಷಿ ಬರೆದರೆ ಎಣ್ಣೆ ತೊಟ್ಟಿಕ್ಕಿದ ಹಾಗೆ ದುಂಡಗೆ. ಒಬ್ಬಳಿಗೆ ಮುಖ ಬರೆಯಲು ಬರುತ್ತಿರಲಿಲ್ಲ, ಅವಳ ದೇವತೆಗಳಿಗೆಲ್ಲ ಹಲ್ಲುನೋವು ಬಂದ ಹಾಗೆ ಕಾಣುತ್ತಿತ್ತು.

ಗುಜರಿ ಅಂಗಡಿಗಳಿಗೆ ಹೋಗುವ ಚಟ ನನಗೆ ಹತ್ತಿದ್ದು ಆಗಲೇ. ಮೈಸೂರು, ಚಾಮರಾಜನಗರ, ಎಲ್ಲಿ ಹೋದರೂ ಹಳೆಯ ಸಾಮಾನಿನ ರಾಶಿ ಕೆದಕಿ ಬರುತ್ತಿದ್ದೆ. ಎಲ್ಲಾದರೂ ಒಂದು ಟೀ ಕಪ್ಪು, ಒಂದು ಚೀನಾದ ಬಟ್ಟಲು ಸಿಗುತ್ತಿತ್ತೇ ಹೊರತು ಮಿರುಗಿನದು ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಕೊಳ್ಳೇಗಾಲದಲ್ಲೇ. ಬಿಳಿಗಿರಿರಂಗನ ಬೆಟ್ಟದ ಒಂದು ಹಳೆಯ ಕಾಫಿ ತೋಟದ ಬಂಗಲೆಯನ್ನು ಯಾರೋ ಖಾಲಿ ಮಾಡಿದ್ದರು. ಮಂಚ, ಕುರ್ಚಿ, ಕಮೋಡು ಎಲ್ಲ ಒಂದು ಲಾರಿಯಲ್ಲಿ ಬಂದು ಗುಜರಿಯವನ ಅಂಗಳದಲ್ಲಿ ಬಿದ್ದಿತ್ತು. ನಾನು ಮುರಿದ ಮಗ್ಗದ ಕಬ್ಬಿಣ ಹಾಕಲು ಹೋಗಿದ್ದೆ. ಒಂದು ಹರಿದ ಪರದೆಯ ಮಡಿಕೆಯಲ್ಲಿ ತಟ್ಟೆಯ ಅಂಚು ಕಂಡಿತು. ಎಳೆದು, ಅಂಗಿಯ ತುದಿಯಿಂದ ಧೂಳು ಒರೆಸಿ ಓರೆ ಮಾಡಿದೆ. ಮಾಣಿಕ್ಯದ ಕೆಂಪು. ಸುತ್ತ ಬಳ್ಳಿ. ಎಲೆಗಳ ತುದಿ ಎಡಕ್ಕೆ ತಿರುಗಿ, ಕೊಕ್ಕೆ ಹಾಕಿ ಮುಗಿದಿದ್ದವು.

ಕಬ್ಬಿಣಕ್ಕೆ ಬದಲಾಗಿ ಅದನ್ನೇ ಕೇಳಿ ಇಸಿದುಕೊಂಡು ಬಂದೆ. ಮನೆಗೆ ಬರುವ ತನಕ ಅದನ್ನು ಎದೆಗೆ ಒತ್ತಿ ಹಿಡಿದಿದ್ದೆ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಅಜ್ಜಿ ಮಧ್ಯಾಹ್ನದ ನಿದ್ದೆಯಿಂದ ಎದ್ದು ಕಿಟಕಿಯ ಪಕ್ಕ ಕೂತಿದ್ದಳು. ಅಕ್ಕ ಮೊದಲು ತಾನು ನೋಡಿದಳು. ಫೋನನ್ನು ಅಜ್ಜಿಯ ಮುಖದ ಹತ್ತಿರ ಹಿಡಿದಳು. ನಾನು ಈ ಕಡೆ ಟ್ಯೂಬ್‌ಲೈಟಿನ ಕೆಳಗೆ ತಟ್ಟೆಯನ್ನು ಮೆಲ್ಲಗೆ ವಾಲಿಸಿದೆ.

ಆಮೇಲೆ ಒಂದು ಸುಕ್ಕುಗಟ್ಟಿದ ಬೆರಳು ಬಂದು ಪರದೆಯನ್ನು ಮುಚ್ಚಿತು. ಅಜ್ಜಿ ಫೋನನ್ನು ಮುಟ್ಟಿ ಎಲೆಯ ತುದಿಯನ್ನು ಸವರುತ್ತಿದ್ದಳು. ಏನೋ ಹೇಳಿದಳು, ಅತ್ತಳು, ಮತ್ತೆ ಹೇಳಿದಳು.

"ಏನಂತಾರಕ್ಕಾ?" ಅಂದೆ.

"ಇದು ನಮ್ಮಕ್ಕಂದೇಯ ಅಂತಾವ್ರೆ ಕಣ್ಲಾ."

"ನಿಜ್ವಾ?"

ಅಕ್ಕ ಫೋನು ಹಿಡಿದು ಇನ್ನೊಂದು ಕೋಣೆಗೆ ಹೋದಳು. ದನಿ ತಗ್ಗಿಸಿದಳು. "ಯಂಗ್ ಯೋಳ್ಲಿ? ಈಗೀಗ ಅವ್ರಿಗೆ ಮರೆವು. ಒಂದೊಂದ್ ದಿನ ನನ್ನೇ ಅಕ್ಕ ಅಂತ ಕೂಗ್ತಾರೆ. ಆದ್ರೆ ಎಲೆ ನೋಡು, ಎಲೆ ಅಂಗೇ ಅದಲ್ಲಾ."

ಅಂಚೆಯಲ್ಲಿ ಕಳಿಸಿದರೆ ಒಡೆದು ಹೋಗುತ್ತದೆ. ತಾನೇ ಬಂದು ಒಯ್ಯುತ್ತೇನೆಂದರೆ ಅಕ್ಕನಿಗೆ ರಜೆ ಇಲ್ಲ. ಅಜ್ಜಿಯನ್ನು ಒಂದು ಗಳಿಗೆಯೂ ಬಿಟ್ಟು ಹೋಗುವ ಹಾಗಿರಲಿಲ್ಲ. ಕೊನೆಗೆ ಹನೂರಿನ ಸಿಸ್ಟರುಗಳಲ್ಲಿ ಒಬ್ಬರು ಇಟಲಿಗೆ ಹೋಗುವುದಿದೆ ಎಂದು ತಿಳಿಯಿತು. ತಟ್ಟೆಯನ್ನು ರೇಷ್ಮೆ ಚೂರುಗಳಲ್ಲಿ ಸುತ್ತಿ, ಹಿಟ್ಟಿನ ಡಬ್ಬಿಯೊಳಗಿಟ್ಟು, ಹನೂರು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಆ ರಸ್ತೆಯ ಗುಂಡಿಗಳನ್ನು ಅವತ್ತು ಬೈದಷ್ಟು ಯಾವತ್ತೂ ಬೈದಿಲ್ಲ. ಸಿಸ್ಟರ್ ವಯಸ್ಸಾದವರು, ತಮಿಳು ಬೆರೆತ ಕನ್ನಡ ಮಾತಾಡುತ್ತಿದ್ದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಈಸಿಕೊಂಡು, "ಕೈಲೇ ಇಟ್ಕೊಂಡು ಹೋಗ್ತೀನಪ್ಪಾ, ಭಯಪಡಬೇಡ" ಎಂದರು.

ಹಾಗೆಯೇ ತಲುಪಿಸಿದರು. ಒಂದು ಗೀರೂ ಬೀಳದೆ ತಟ್ಟೆ ಗುಬ್ಬಿಯೊ ಸೇರಿತು. ಆದರೆ ಅಷ್ಟರಲ್ಲಿ ಅಜ್ಜಿಗೆ ಮರೆವು ಪೂರ್ತಿ ಕವಿದುಬಿಟ್ಟಿತ್ತು. ಅಕ್ಕ ಅವಳನ್ನು ಕಿಟಕಿಗೆ ಕರೆತಂದು, ಕನ್ನಡಕ ಹಾಕಿ, ತಟ್ಟೆಯನ್ನು ಮಡಿಲಲ್ಲಿಟ್ಟಳಂತೆ. ಅಜ್ಜಿ ಬೆರಳಾಡಿಸಿ ನೋಡಿದಳು. ಮುಖ ಅರಳಿತು.

"ಚೆಂದಾಗದೆ, ಯಾರ್ ಮಾಡಿದ್ದು? ಅಂದ್ಬುಟ್ರು ಕಣ್ಲಾ."

ಅಕ್ಕ ಇದನ್ನು ಹೇಳಿದ್ದು ಫೋನಿನಲ್ಲಿ. ನಿಮ್ಮಕ್ಕ ಮಾಡಿದ್ದು ಎಂದು ಹೇಳಿದೆಯಾ ಎಂದು ಕೇಳಿದೆ. ಹೇಳಿದೆ, ಅದಕ್ಕೆ ಅಜ್ಜಿ ನನಗೆ ಅಕ್ಕ ಇದ್ದಳಾ ಎಂದು ಕೇಳಿದರು ಅಂದಳು. ಆ ಚಳಿಗಾಲದಲ್ಲೇ ಗುಬ್ಬಿ ಅಜ್ಜಿ ತೀರಿಹೋದಳು. ಅಜ್ಜಿಯ ಮಗ ಬೇರೆ ಊರಿನಿಂದ ಬಂದು ಮನೆ ಮಾರಲು ಹೊರಟ. ತಟ್ಟೆ ನೀನೇ ತೆಗೆದುಕೊಂಡು ಹೋಗು, ನಮ್ಮ ಮನೆಯಲ್ಲಿ ಇಡಲು ಜಾಗವಿಲ್ಲ ಎಂದನಂತೆ. ಒಳ್ಳೆಯ ಮಾತಿನಲ್ಲೇ ಹೇಳಿದ ಎಂದು ಅಕ್ಕ ಹೇಳುತ್ತಿದ್ದಳು.

ಅಕ್ಕ ಪೂರ್ತಿಯಾಗಿ ಊರಿಗೆ ಮರಳಿದಳು. ಆಗ ನಮ್ಮವ್ವ ಇರಲಿಲ್ಲ. ವಿಮಾನ ನಿಲ್ದಾಣದ ಹೊರಗೆ ನಾನು ಮೊದಲು ಅವಳನ್ನು ಗುರುತೇ ಹಿಡಿಯಲಿಲ್ಲ. ಗಾಡಿ ತಳ್ಳಿಕೊಂಡು ಒಬ್ಬ ಬೆನ್ನು ಬಾಗಿದ ಮುದುಕಿ ಬರುತ್ತಿದ್ದಾಳೆ ಅಂದುಕೊಂಡೆ. ಊರವರ ಅಪ್ಪ ಅಮ್ಮಂದಿರನ್ನು ಎತ್ತಿ ಎತ್ತಿ ಅವಳ ಸೊಂಟ ಹೋಗಿತ್ತು. ಅಷ್ಟೂ ವರ್ಷ ನೋವಿನ ಮಾತ್ರೆ ನುಂಗಿಕೊಂಡೇ ಕೆಲಸ ಮಾಡಿದ್ದಳು. ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಎಲ್ಲರೂ ಕೆಳಗೆ ಸಾಲಾಗಿ ಕೂತರೆ ಅವಳೊಬ್ಬಳು ಕುರ್ಚಿಯ ಮೇಲೆ. ಮೇಲಿನ ಕೋಣೆಯಲ್ಲಿ ತಟ್ಟೆಗಳನ್ನೆಲ್ಲ ಹರಡಿ, ಬರೆದ ಕೈಗಳ ಪ್ರಕಾರ ಗುಂಪು ಮಾಡಿ ಇಟ್ಟಳು. ಹಾಡುವವಳದು, ಅಳುವವಳದು, ಎರಡು ಸಲ ವಿಧವೆಯಾದವಳದು. ಬೀದಿಯವರು ಮೊದಲ ವಾರ ಬಂದು ನೋಡಿದರು. ಆಮೇಲೆ ಯಾರೂ ಬರಲಿಲ್ಲ.

ಅವಳಿಗೆ ಗುಜರಿಯಲ್ಲಿ ಸಿಕ್ಕ ಆ ಕೆಂಪು ತಟ್ಟೆ ಬೆಟ್ಟಕ್ಕೆ ಹೇಗೆ ಬಂತೆಂದು ತಿಳಿಯಬೇಕಿತ್ತು. ಒಂದು ದಿನ ನನ್ನ ಗೆಳೆಯನ ಕಾರು ಕೇಳಿಕೊಂಡು, ಯಳಂದೂರಿನ ಮೇಲೆ ಹೊರಟೆವು. ಯಳಂದೂರು ಪೇಟೆ ದಾಟುವಾಗ ಅಕ್ಕ ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತ ತಲೆ ತಗ್ಗಿಸಿದ್ದಳು. ಕಾಡಿನ ಗೇಟು ದಾಟಿ ಬೆಟ್ಟ ಹತ್ತಿದ ಮೇಲೆ ತೋಟ ಸಿಕ್ಕಿತು. ಬಂಗಲೆಯ ಹೆಂಚು ಇಳಿಸಿದ್ದರು. ಗೋಡೆಗಳು ನಿಂತಿದ್ದವು, ಒಳಗೆ ಲಂಟಾನ ಬೆಳೆದಿತ್ತು. ಹಿಂದೆ ಅಡುಗೆ ಕೆಲಸಕ್ಕಿದ್ದ ಮುದುಕ ಪಕ್ಕದ ಕೂಲಿಯವರ ಲೈನುಮನೆಯಲ್ಲೇ ಇದ್ದ. ಅಕ್ಕ ತಟ್ಟೆಯನ್ನು ತೋರಿಸಿದಾಗ ಅವನು ಕೈ ಒರೆಸಿಕೊಂಡು ಬಂದ.

"ಇದು ನಮ್ಮ ಊಟದ್ ಮನೆ ಗ್ವಾಡೇದು ಸಾ," ಎಂದು ನನ್ನ ಕಡೆ ತಿರುಗಿ ಹೇಳಿದ. "ಅಮ್ಮಾವ್ರು ಅದ್ಯಾವ್ದೋ ದೇಶಕ್ ಓಗಿದ್ರಲ್ಲ, ಅಲ್ಲಿಂದ ತಂದಿದ್ರು. ಸಾಯಂಕಾಲ ಬಿಸ್ಲು ಬಿದ್ರೆ ಬೆಂಕಿ ಅತ್ಕಂಡಂಗ್ ಆಗದು."

"ಅಮ್ಮಾವ್ರು ದಿನಾ ನೋಡೋರಾ ಇದ್ನ?" ಅಕ್ಕ ಕೇಳಿದಳು.

"ಅವ್ರು ನೋಡ್ತಿದ್ರೋ ಇಲ್ವೋ ಕಾಣೆ ಕಣ್ತಾಯಿ. ನಾ ನೋಡ್ತಿದ್ದೆ. ಬಿಸ್ಲು ಬಿದ್ ಒತ್ಗೆ ಕಾಫಿ ಒಯ್ಯೋನು ನಾನೇಯ."

ಅಕ್ಕ ಮೆಟ್ಟಿಲ ಕಲ್ಲಿನ ಮೇಲೆ ಕೂತಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಸಮಾಧಾನ ನೋಡಿದೆ. "ಸದ್ಯ, ಯಾರೋ ನೋಡವ್ರಲ್ಲ," ಅಂದಳು. ಅಲ್ಲಿಂದ ಏಳಲು ನಾನೂ ಮುದುಕನೂ ಎರಡು ಕಡೆ ಹಿಡಿದುಕೊಳ್ಳಬೇಕಾಯಿತು.

ಅದೇ ಅವಳು ಕೊನೆಯ ಸಲ ಹೊರಗೆ ತಿರುಗಾಡಿದ್ದು. ಕಾಲು ಊದಿತು, ಮುಖ ಊದಿತು. ಮೂತ್ರಪಿಂಡಗಳು ಹೋಗಿವೆ, ನೋವಿನ ಮಾತ್ರೆಗಳಿಂದಲೇ ಹೋಗಿವೆ ಎಂದು ಮೈಸೂರಿನ ಡಾಕ್ಟರು ಹೇಳಿದರು. ಅಕ್ಕ, "ಗೊತ್ತಿತ್ತು ಸಾ" ಅಂದಳು. ಆಸ್ಪತ್ರೆಯಲ್ಲಿ ಅಷ್ಟು ಕಾಲ ಕೆಲಸ ಮಾಡಿದವಳು. ಡಯಾಲಿಸಿಸ್‌ಗೆ ಮೈಸೂರಿಗೆ ಹೋಗಿ ಬರುವುದೇ ನಮ್ಮ ಬದುಕಾಯಿತು. ನನ್ನ ಮಗ್ಗದ ಮೇಲೆ ಅರ್ಧ ಇಳಿದ ಸೀರೆ ಹಾಗೇ ನಿಂತಿತ್ತು. ಅವಳನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು ನಾನೂ ನನ್ನ ಹೆಂಡತಿಯೂ ಕಲಿತೆವು. ನಾನು ಎತ್ತುವಾಗ ತಪ್ಪು ಮಾಡಿದರೆ, "ಸೊಂಟ ಬಗ್ಗಿಸ್ಬ್ಯಾಡ, ಮಂಡಿ ಬಗ್ಗಿಸು. ನಿಂಗೂ ನನ್ ಗತಿನೇ ಆದಾತು" ಎಂದು ಗದರುತ್ತಿದ್ದಳು.

ತಟ್ಟೆಗಳ ಧೂಳು ಒರೆಸುವ ಕೆಲಸವನ್ನು ನನ್ನ ಹೆಂಡತಿ ತಾನಾಗಿಯೇ ವಹಿಸಿಕೊಂಡಿದ್ದಳು. ಒಂದು ಬೆಳಿಗ್ಗೆ ಅಕ್ಕ ಅವಳಿಗೆ, "ನಿಂಗ್ಯಾವ್ದು ಇಷ್ಟವೋ ಅದೊಂದ ತಕವ್ವ" ಎಂದಳು.

"ನಂಗ್ಯಾಕಕ್ಕ? ನೀವ್ ಉಷಾರಾಗಿ."

"ಉಷಾರಾಗಲ್ಲ ಕಣವ್ವ. ತಕೊ."

ನನ್ನ ಹೆಂಡತಿ ಹಲ್ಲುನೋವಿನ ದೇವತೆಯ ತಟ್ಟೆಯನ್ನು ಎತ್ತಿಕೊಂಡಳು. "ಇವ್ಳೊಬ್ಳು ನಮ್ಮಂಗವ್ಳೆ," ಅಂದಳು. ಇಬ್ಬರೂ ನಕ್ಕರು. ಹೊರಗೆ ಬಂದ ಮೇಲೆ ಹೆಂಡತಿ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಳು.

ಕೊನೆಯ ದಿನಗಳಲ್ಲಿ ಅಕ್ಕನ ಮಂಚದ ಎದುರಿಗೆ ಆ ಕೆಂಪು ತಟ್ಟೆಯನ್ನು ಒರಗಿಸಿಟ್ಟಿದ್ದೆ. ಮಲಗಿದಲ್ಲಿಂದಲೇ ಕಾಣಲಿ ಎಂದು. ಸಂಜೆಯ ಬಿಸಿಲು ಕಿಟಕಿಯಿಂದ ಅದರ ಮೇಲೆ ಬೀಳುವ ಹಾಗೆ ಜಾಗ ನೋಡಿ ಇಟ್ಟಿದ್ದೆ. ಒಂದು ದಿನ ಬಿಸಿಲು ಬಿತ್ತು, ಕೋಣೆಯ ಗೋಡೆಯೆಲ್ಲ ಕೆಂಪಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಎತ್ತಿಡ್ಲಾ ಅದ್ನ," ಅಂದಳು.

"ಯಾಕಕ್ಕ?"

"ಸಾಕು. ನೋಡಿ ನೋಡಿ ಸಾಕಾಯ್ತು."

ಎತ್ತಿಟ್ಟೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ನನಗೆ ಅದು ಅವಳ ಸಾವಿಗಿಂತ ಹೆಚ್ಚು ನೋವು ಕೊಟ್ಟಿತು ಎಂದರೆ ಜನ ನಂಬಲಾರರು. ಆ ವಾರವೇ ಮೈಸೂರಿನಿಂದ ಮರಳುವಾಗ, ಊರು ಇನ್ನೂ ದೂರವಿರುವಾಗ, ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದ್ದವಳು ಏಳಲಿಲ್ಲ. ಹನೂರಿನಿಂದ ಆ ವಯಸ್ಸಾದ ಸಿಸ್ಟರ್ ಮಣ್ಣಿಗೆ ಬಂದಿದ್ದರು. ಯಳಂದೂರಿನಿಂದ ಯಾರೂ ಬರಲಿಲ್ಲ.

ಈಚೆಗೆ ಮೈಸೂರಿನಿಂದ ಒಬ್ಬರು ಬಂದಿದ್ದರು. ಹಳೆಯ ಪಿಂಗಾಣಿ ಸಂಗ್ರಹ ಮಾಡುವವರು, ತಿಳಿದವರು, ಸಭ್ಯರು. ಗುಜರಿಯವನಿಂದ ನನ್ನ ವಿಷಯ ತಿಳಿದಿತ್ತಂತೆ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬಂದು, ಒಂದೊಂದೇ ತಟ್ಟೆಯನ್ನು ಪ್ರೀತಿಯಿಂದ ಹಿಡಿದು ನೋಡಿದರು. ಅವರ ಕೈಯಲ್ಲಿ ಅವು ಇರುವುದನ್ನು ಕಂಡು ನನಗೆ ಸಂತೋಷವೇ ಆಯಿತು. ಕೆಂಪು ತಟ್ಟೆ ಬಂದಾಗ ಅವರು ಅದನ್ನು ಕಿಟಕಿಯ ಬಳಿಗೆ ಒಯ್ದರು. ತಿರುಗಿಸಿ ಹಿಂದಿನ ಗುರುತು ನೋಡಿ ಯಜಮಾನನ ಹೆಸರು ಹೇಳಿದರು.

"ಇದು ಅವರ ಕೈಯದೇ. ಬಹಳ ಒಳ್ಳೆಯ ಕೆಲಸ," ಅಂದರು.

"ಅಲ್ಲ ಸಾರ್. ಗುರುತು ಅವರದು. ಬರೆದಿದ್ದು ಒಬ್ಬ ಹೆಂಗಸು. ಎಡಚಿ. ಎಲೆ ತುದಿ ನೋಡಿ."

ಅವರು ನೋಡಿದರು. ನಿಜಕ್ಕೂ ಗಮನ ಕೊಟ್ಟು ನೋಡಿದರು. "ಇರಬಹುದು. ಆಧಾರ ಏನಾದರೂ ಇದೆಯೇ?"

"ಅವಳ ತಂಗಿ ಹೇಳಿದ್ದು."

"ಅವರು ಎಲ್ಲಿದ್ದಾರೆ?"

"ತೀರಿಹೋದರು."

"ಕೇಳಿಸಿಕೊಂಡವರು?"

"ನಮ್ಮಕ್ಕ. ಅವಳೂ ಇಲ್ಲ."

"ಆ ಎಡಗೈಯವರ ಹೆಸರು?"

ನನಗೆ ಗೊತ್ತಿರಲಿಲ್ಲ. ಗುಬ್ಬಿ ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲವಂತೆ, ಯಾವಾಗಲೂ ನನ್ನ ಅಕ್ಕ ಎಂದೇ ಅನ್ನುತ್ತಿದ್ದಳಂತೆ. ಬಂದವರು ತಟ್ಟೆಯನ್ನು ಜೋಪಾನವಾಗಿ ಬಟ್ಟೆಯ ಮೇಲಿಟ್ಟರು. ಮಾರುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಒತ್ತಾಯ ಮಾಡಲಿಲ್ಲ. "ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ?" ಎಂದರು. ನಾನು ಕಾಫಿ ಲೋಟವನ್ನು ಅವರ ಕಡೆ ಸರಿಸಿದೆ. ಕಾಫಿ ಕುಡಿದು, ನನ್ನ ಹೆಂಡತಿಗೆ ನಮಸ್ಕಾರ ಹೇಳಿ ಹೊರಟುಹೋದರು.

"ಏನಂದ್ರು?" ಹೆಂಡತಿ ಒಳಗಿನಿಂದ ಕೇಳಿದಳು.

"ಚೆನ್ನಾಗಿದೆ ಅಂದ್ರು."

"ಅಷ್ಟೇಯಾ?"

"ಅಷ್ಟೇ."

ಅವಳು ಲೋಟಗಳನ್ನು ತೊಳೆಯಲು ತೆಗೆದುಕೊಂಡು ಹೋದಳು. ನಾನು ತಟ್ಟೆಗಳನ್ನು ಒಂದೊಂದಾಗಿ ಬೀರುವಿನೊಳಗಿಟ್ಟು ಗಾಜಿನ ಬಾಗಿಲು ಎಳೆದುಕೊಂಡೆ. ಮಳೆ ಬರುವ ಹಾಗಿತ್ತು, ಬೀದಿಯೆಲ್ಲ ಮಂಕಾಗಿತ್ತು. ಪಕ್ಕದ ಮನೆಯ ಪವರ್‌ಲೂಮು ಶುರುವಾಯಿತು. ಬೀರುವಿನ ಗಾಜು ಅದರ ಸದ್ದಿಗೆ ಸಣ್ಣಗೆ ಅದುರತೊಡಗಿತು. ನಾನು ಒಂದು ರಟ್ಟಿನ ಚೂರು ಮಡಚಿ ಬಾಗಿಲ ಸಂದಿಗೆ ತುರುಕಲು ನೋಡಿದೆ. ಸರಿಯಾಗಿ ಕೂರಲಿಲ್ಲ.